ಊರು ದಾಟದ ಜೋಗಿ

ಶಿವಮೊಗ್ಗ ಸೀಮೆಯ ಮಳೆಯಲ್ಲಿ ನೆನೆದ ಮಕ್ಕಳ ಕಥೆಗಳು ಎರಡು ಉಂಟು. ಒಂದು, ಕುಪ್ಪಳಿಯ ಕವಿ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಇನ್ನೊಂದು, ಆರ್. ಕೆ. ನಾರಾಯಣರ ಸ್ವಾಮಿಯ ಕಥೆ. ಸ್ವಾಮಿ ಹುಟ್ಟಿದ್ದು ಇಲ್ಲಲ್ಲ; ಆದರೆ ೧೯೮೬ರಲ್ಲಿ ದೂರದರ್ಶನದಲ್ಲಿ ಬಂದ 'ಮಾಲ್ಗುಡಿ ಡೇಸ್' ಧಾರಾವಾಹಿಗಾಗಿ ಶಂಕರ್‌ನಾಗ್ ಅವರು ಅವನನ್ನು ಓಡಾಡಿಸಿದ್ದು ಆಗುಂಬೆಯ ಬೀದಿಯಲ್ಲಿ. ಮಾಲ್ಗುಡಿಯ ರೈಲು ನಿಂತದ್ದು ಹೊಸನಗರ ತಾಲ್ಲೂಕಿನ ಅರಸಾಳು ನಿಲ್ದಾಣದಲ್ಲಿ. ೨೦೨೦ರಿಂದ ಆ ಹಳೆಯ ನಿಲ್ದಾಣದ ಕಟ್ಟಡವೇ ಒಂದು ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿದೆ. ದೆಹಲಿಯಿಂದ, ಲಖನೌದಿಂದ ಬಂದ ಪ್ರವಾಸಿಗರು ಅಲ್ಲಿ ಇಳಿದು ಸ್ವಾಮಿಯನ್ನು ನೆನೆಯುತ್ತಾರೆ. ಅವರಲ್ಲಿ ಯಾರನ್ನಾದರೂ ನಿಲ್ಲಿಸಿ ಕಿಂದರಿಜೋಗಿಯ ವಿಷಯ ಕೇಳಿ ನೋಡಿ. ಆ ಹೆಸರನ್ನೇ ಅವರು ಕೇಳಿರುವುದಿಲ್ಲ.

ಇದರಲ್ಲಿ ಅಸೂಯೆಯ ಮಾತೇನೂ ಇಲ್ಲ. ಸ್ವಾಮಿ ನನಗೂ ಪ್ರಿಯನೇ. ಆದರೆ ನಾಲ್ಕು ತಲೆಮಾರಿನ ಕನ್ನಡ ಮಕ್ಕಳು ಬಾಯಿಪಾಠ ಮಾಡಿ ಕುಣಿದ ಕಥೆಯೊಂದು ಗಡಿ ದಾಟದೆ ಉಳಿಯಿತು, ಅದೇ ಮಳೆ ಅದೇ ಹೆಂಚಿನ ಮನೆಗಳ ನಡುವೆ ಚಿತ್ರಿತವಾದ ಇನ್ನೊಂದು ದೇಶವನ್ನೆಲ್ಲ ಸುತ್ತಿತು. ಇದು ಹೇಗೆ ಎಂಬುದು ಕೇಳಿಕೊಳ್ಳತಕ್ಕ ಪ್ರಶ್ನೆ. ಗುಣದ ತಾರತಮ್ಯದಿಂದ ಹೀಗಾಯಿತೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ಈ ಪ್ರಶ್ನೆಗೆ ಬೆಳಕು ನನಗೆ ದೊರೆತದ್ದು ಬಹು ದೂರದಿಂದ, ಜಪಾನಿನಿಂದ. ನಿವೃತ್ತನಾಗಿ ಹೊಳಲೂರಿನಲ್ಲಿ ನೆಲೆಸಿದ ಮೇಲೆ ರಜೆಗೆ ಬರುವ ಮೊಮ್ಮಗಳ ಜೊತೆ ಕಾರ್ಟೂನು ನೋಡುವುದು ನನ್ನ ಪಾಲಿನ ಕರ್ತವ್ಯವಾಗಿದೆ. ಅವಳು ನೋಡುವುದರಲ್ಲಿ ಮುಕ್ಕಾಲು ಪಾಲು ಜಪಾನಿನದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸದ ನಿಮಿತ್ತ ಕೆಲವು ವರ್ಷ ಆ ದೇಶದಲ್ಲಿದ್ದ. ಊರಿಗೆ ಬಂದಾಗ ನೋಡಲು ಬಂದವನು ಇವಳ ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ನೋಡಿ, "ಇದು ನಮಗೆ ಕಳಿಸಿದ್ದು ಮೇಷ್ಟ್ರೇ. ಅವರು ಮನೆಯಲ್ಲಿಟ್ಟುಕೊಂಡದ್ದೇ ಬೇರೆ ಇದೆ" ಎಂದ. ಕನ್ನಡ ಎಂ.ಎ. ಓದಿದವನು ಎಲ್ಲಿ ಹೋದರೂ ಮಾತು ಕಲಿಯದೆ ಇರಲಾರ. ಇವನೂ ಜಪಾನೀ ಕಲಿತಿದ್ದ. ಆ ಮನೆಯೊಳಗಿನ ಕಥೆಗಳ ಪರಿಚಯ ನನಗೆ ಮೊದಲು ಆದದ್ದು ಅವನಿಂದ.

ಅವುಗಳಲ್ಲಿ ಹಿರಿಯದು 'ಸಜಾಯೆ ಸಾನ್'. ಹಸೆಗಾವಾ ಮಾಚಿಕೊ ಎಂಬ ಮಹಿಳೆ ೧೯೪೬ರಲ್ಲಿ, ಸೋತು ಸುಣ್ಣವಾಗಿದ್ದ ಜಪಾನಿನಲ್ಲಿ, ಪತ್ರಿಕೆಯೊಂದಕ್ಕೆ ಬರೆಯತೊಡಗಿದ ನಾಲ್ಕು ಚೌಕದ ಚಿತ್ರಮಾಲೆ ಅದು. ೧೯೬೯ರ ಅಕ್ಟೋಬರಿನಲ್ಲಿ ದೂರದರ್ಶನಕ್ಕೆ ಬಂದದ್ದು ಇಂದಿಗೂ ಪ್ರತಿ ಭಾನುವಾರ ಸಂಜೆ ನಡೆಯುತ್ತಿದೆ. ಜಗತ್ತಿನಲ್ಲಿ ಅತ್ಯಂತ ದೀರ್ಘಕಾಲ ನಡೆದ ಕಾರ್ಟೂನು ಸರಣಿ ಎಂಬ ಗಿನ್ನೆಸ್ ದಾಖಲೆ ಅದರದು. ಅದರ ಹಾಡು ಮುಗಿಯುತ್ತಲೇ 'ಅಯ್ಯೋ, ನಾಳೆ ಸೋಮವಾರ' ಎಂಬ ಸಂಕಟ ಶಾಲೆಯ ಮಕ್ಕಳಿಂದ ಹಿಡಿದು ಕಚೇರಿಯ ಗುಮಾಸ್ತರವರೆಗೆ ಎಲ್ಲರನ್ನೂ ಹಿಡಿಯುತ್ತದಂತೆ. ಆ ಸಂಕಟಕ್ಕೆ ಸಜಾಯೆಯ ಹೆಸರನ್ನೇ ಇಟ್ಟು ಕರೆಯುತ್ತಾರೆ. ಇಷ್ಟಾಗಿಯೂ ಜಪಾನಿನ ಹೊರಗೆ ಅದನ್ನು ಬಲ್ಲವರು ವಿರಳ.

ಅದರಲ್ಲಿ ಇರುವುದಾದರೂ ಏನು? ಒಂದು ಮನೆ, ಏಳು ಜನ. ಎಲ್ಲರ ಹೆಸರೂ ಕಡಲಿಗೆ ಸೇರಿದ್ದು: ಸಜಾಯೆ ಎಂದರೆ ಒಂದು ಬಗೆಯ ಶಂಖದ ಹುಳು, ತಮ್ಮನ ಹೆಸರು ಮೀನಿನದು, ತಂಗಿಯದು ಕಡಲ ಪಾಚಿಯದು, ತಾಯಿಯ ಹೆಸರಿನ ಅರ್ಥ ದೋಣಿ, ತಂದೆಯ ಹೆಸರಿನಲ್ಲಿ ಅಲೆ. ಇದನ್ನು ಇಂಗ್ಲಿಷಿಗೆ ಹೇಗೆ ತರುವುದು? ಹೆಸರನ್ನು ಹಾಗೆಯೇ ಬಿಟ್ಟರೆ ನಗು ಹೋಯಿತು. ಬದಲಿಸಿದರೆ ಮನೆಯೇ ಹೋಯಿತು. ಇನ್ನು ಸಜಾಯೆಯ ಗಂಡ ತನ್ನ ಮನೆತನದ ಹೆಸರನ್ನು ಉಳಿಸಿಕೊಂಡು ಮಾವನ ಮನೆಯಲ್ಲಿ ಬಾಳುತ್ತಾನೆ. ಅವನ ಸ್ಥಿತಿಯನ್ನು ಇಂಗ್ಲಿಷಿನಲ್ಲಿ ತಿಳಿಸಬೇಕಾದರೆ ಒಂದು ಉದ್ದನೆಯ ವಾಕ್ಯವೇ ಬೇಕು. ಕನ್ನಡದಲ್ಲಿ 'ಮನೆಯಳಿಯ' ಎಂದರೆ ಆಯಿತು. ಕೇಳುವವನ ತುಟಿಯ ಮೇಲೆ ನಗುವೂ ಬಂದಾಯಿತು. ಈ ಮನೆಯಳಿಯನನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಇನ್ನೊಂದು, 'ಅನ್‌ಪಾನ್‌ಮನ್'. ಅನ್‌ಪಾನ್ ಎಂದರೆ ಒಳಗೆ ಸಿಹಿ ಕಾಳಿನ ಹೂರಣ ತುಂಬಿದ ಬನ್ನು. ಈ ಕಥೆಯ ನಾಯಕನ ತಲೆಯೇ ಅಂಥ ಒಂದು ಬನ್ನು. ಹಸಿದವರನ್ನು ಕಂಡರೆ ತನ್ನ ಮುಖವನ್ನೇ ಮುರಿದು ತಿನ್ನಲು ಕೊಡುತ್ತಾನೆ. ಮುಖ ಕರಗಿ ಬಲ ಕುಂದಿದಾಗ ಬನ್ನು ಬೇಯಿಸುವ ಅಜ್ಜ ಹೊಸ ತಲೆ ಮಾಡಿಕೊಡುತ್ತಾನೆ. ಇದನ್ನು ಬರೆದ ಯಾನಸೆ ತಕಾಶಿ (೧೯೧೯–೨೦೧೩) ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಚೀನಕ್ಕೆ ಹೋಗಿದ್ದವನು. ಹಸಿವೆಂದರೇನೆಂದು ಅಲ್ಲಿ ಕಂಡವನು, ತಮ್ಮನನ್ನು ಯುದ್ಧಕ್ಕೆ ಕಳೆದುಕೊಂಡವನು. ವೈರಿಯನ್ನು ಹೊಡೆದುರುಳಿಸುವ ವೀರನಿಗಿಂತ ಹಸಿದವನಿಗೆ ಉಣಿಸುವ ವೀರನೇ ಅವನಿಗೆ ದೊಡ್ಡವನಾಗಿ ಕಂಡ. ೧೯೭೩ರಲ್ಲಿ ಚಿತ್ರಪುಸ್ತಕವಾಗಿ, ೧೯೮೮ರಿಂದ ದೂರದರ್ಶನದಲ್ಲಿ ಬಂದ ಈ ಬನ್ನಿನ ನಾಯಕ ಅಲ್ಲಿನ ಹಸುಳೆಗಳಿಗೆ ಅಚ್ಚುಮೆಚ್ಚು. ಸರಣಿಯ ಪಾತ್ರಗಳ ಸಂಖ್ಯೆ ೧,೭೦೦ನ್ನು ಮೀರಿದೆ ಎಂದು ೨೦೦೯ರಲ್ಲಿ ಗಿನ್ನೆಸ್ಸಿನವರು ಎಣಿಸಿದರು. ಆದರೆ ಕಡಲಾಚೆ ಇವನ ಕೀರ್ತಿ ಆ ಪ್ರಮಾಣದಲ್ಲಿ ಹಬ್ಬಲಿಲ್ಲ.

ಇದಕ್ಕೆ ಎಲ್ಲರೂ ಕೊಡುವ ಕಾರಣ ಒಂದೇ: ಇವುಗಳಿಗೆ ಮನೆಯ ವಾಸನೆ ಹೆಚ್ಚು, ಹೊರಗಿನವರಿಗೆ ತಿಳಿಯುವುದಿಲ್ಲ. ಕಾಳಿನ ಸಿಹಿಯನ್ನು ಅರಿಯದ ಅಮೆರಿಕದ ಮಗುವಿಗೆ ಅನ್‌ಪಾನ್‌ಮನ್ ವಿಚಿತ್ರವಾಗಿ ಕಂಡೀತು ಎನ್ನುವುದು ಒಪ್ಪತಕ್ಕ ಮಾತೇ. ಆದರೆ 'ಹೊರಗಿನವರು' ಎಂದರೆ ಯಾರು? ನಮ್ಮ ಮನೆಗಳಲ್ಲಿ ಹೋಳಿಗೆಗೆ, ಕಡುಬಿಗೆ ಹೂರಣ ರುಬ್ಬುವುದಿಲ್ಲವೆ? ಹೊರಗಿನವರು ಎನ್ನುವಾಗ ನಮ್ಮ ಕಣ್ಣ ಮುಂದೆ ನಿಲ್ಲುವವನು ಇಂಗ್ಲಿಷಿನವನೊಬ್ಬನೇ.

ಡೊರೇಮಾನ್ ಎಂಬ ನೀಲಿ ಬೆಕ್ಕಿನ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ೧೯೬೯ರ ಕೊನೆಯಲ್ಲಿ ಜಪಾನಿನ ಮಕ್ಕಳ ಪತ್ರಿಕೆಗಳಲ್ಲಿ ಹುಟ್ಟಿದ ಈ ಬೆಕ್ಕು ಏಷ್ಯವನ್ನೆಲ್ಲ ಸುತ್ತಿತು. ೨೦೦೫ರಲ್ಲಿ ಭಾರತಕ್ಕೆ ಬಂದಿತು. ಅಮೆರಿಕದ ದೂರದರ್ಶನಕ್ಕೆ ಅದು ಕಾಲಿಟ್ಟದ್ದು ೨೦೧೪ರಲ್ಲಿ. ಅದೂ ವೇಷ ಬದಲಿಸಿಕೊಂಡು. ನೊಬಿತಾ ಎಂಬ ಹುಡುಗ 'ನೋಬಿ'ಯಾದ. ಊಟದ ಕಡ್ಡಿಗಳು ಮಾಯವಾಗಿ ಫೋರ್ಕು ಬಂದಿತು. ಬೆಕ್ಕು ಪ್ರಾಣ ಬಿಡುವ 'ಡೊರಯಾಕಿ' ಎಂಬ ತಿಂಡಿಯ ಹೆಸರೂ ಹೋಯಿತು. ನಮ್ಮ ದೇಶದಲ್ಲಿ ಇಂಥ ಯಾವ ಅವತಾರವೂ ಬೇಕಾಗಲಿಲ್ಲ. ಅಂಕ ಕಡಿಮೆ ಬಂದಿತೆಂದು ಗದರುವ ತಾಯಿ, ದಿಂಬು ಕಂಡಲ್ಲಿ ನಿದ್ದೆ ಹೋಗುವ ಮಗ, ಬೀದಿಯ ಪುಂಡ: ಇವರೆಲ್ಲ ನಮ್ಮ ಕೇರಿಯವರೇ. ನನ್ನ ಮೊಮ್ಮಗಳು 'ಡೋರಾ ಕೇಕ್' ಬೇಕೆಂದು ಹಟ ಹಿಡಿದಾಗ ಅವಳ ಅಜ್ಜಿ ವಿಚಾರಿಸಿಕೊಂಡು, "ಇಷ್ಟೇನೇ? ಎರಡು ಸಣ್ಣ ಸಿಹಿ ದೋಸೆಯ ನಡುವೆ ಹೂರಣ ಬಳಿದರಾಯಿತು" ಎಂದು ಮಾಡಿಯೇ ಕೊಟ್ಟಳು. ಎರಡು ಅಡುಗೆಮನೆಗಳ ನಡುವಿನ ದೂರ ಅಂದು ಎಷ್ಟೆಂದು ತಿಳಿಯಿತು.

ಹಾಗಾದರೆ ಡೊರೇಮಾನನ ಹಿಂದೆಯೇ ಸಜಾಯೆ ಏಕೆ ಬರಲಿಲ್ಲ? ಇಲ್ಲಿ ಭಾಷೆಯ ವಿಚಾರ ಬರುತ್ತದೆ. ಇದು ನನ್ನ ಕಸುಬಿನ ವಿಷಯವಾದ್ದರಿಂದ ತುಸು ನಿಧಾನಿಸುತ್ತೇನೆ.

ಮಕ್ಕಳ ಸಾಹಿತ್ಯದ ಜೀವ ಅರ್ಥದಲ್ಲಿ ಅರ್ಧ, ಶಬ್ದದಲ್ಲಿ ಅರ್ಧ. ಜಿ. ಪಿ. ರಾಜರತ್ನಂ ಅವರ 'ತುತ್ತೂರಿ'ಯನ್ನು ನೋಡಿ. ತುತ್ತೂರಿ ಎಂಬ ಪದವೇ ಊದುತ್ತದೆ. ಮಗು ಅದನ್ನು ಹೇಳುವಾಗ ತುಟಿ ತಾನಾಗಿ ಊದುವ ಆಕಾರಕ್ಕೆ ಬರುತ್ತದೆ. ಅದನ್ನು ಟ್ರಂಪೆಟ್ ಎಂದು ಅನುವಾದಿಸಿದರೆ ದಂಡಿನವರು ಬಂದಂತಾಗುತ್ತದೆ. ಪಂಜೆಯವರ 'ನಾಗರಹಾವೆ' ಸರಿದಾಡುವುದೂ ಕನ್ನಡದ ಪ್ರಾಸದ ಮೇಲೆಯೇ. ನಮ್ಮ ಅನುಕರಣ ಶಬ್ದಗಳ ಸಂಪತ್ತು ಅಪಾರ: ಗುಡುಗುಡು, ಮಿಣಮಿಣ, ತೊಟತೊಟ, ಚುರುಚುರು. ಇಂಗ್ಲಿಷಿನಲ್ಲಿ ಇವಕ್ಕೆ ನೆಲೆ ಕಡಿಮೆ. ಅಲ್ಲಿ ಅವು ತೊಟ್ಟಿಲ ಮಾತುಗಳು. ದೊಡ್ಡವರ ಬಾಯಲ್ಲಿ ಬಂದರೆ ನಗೆಪಾಟಲು.

ಜಪಾನೀ ಭಾಷೆಯಲ್ಲಿ ಹಾಗಲ್ಲ ಎಂದು ನನ್ನ ಶಿಷ್ಯ ಹೇಳಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಗುಡುಗಿಗೆ ಅವರು 'ಗೊರೊ ಗೊರೊ' ಎನ್ನುತ್ತಾರೆ. ಹನಿ ಉದುರುವುದು 'ಪೊತ ಪೊತ'. ನಕ್ಷತ್ರ ಮಿನುಗುವುದು 'ಕಿರ ಕಿರ'. (ನಮ್ಮಲ್ಲಿ ಕಿರಿಕಿರಿ ಎಂದರೆ ಬೇರೆಯೇ ಆಗುತ್ತದೆ, ಇರಲಿ.) ಹಸಿವಿನಿಂದ ಹೊಟ್ಟೆ ಬರಿದಾದರೆ 'ಪೆಕೊ ಪೆಕೊ'. ಚಿಕ್ಕವರು ದೊಡ್ಡವರು ಎಲ್ಲರೂ ಸಂಕೋಚವಿಲ್ಲದೆ ಬಳಸುವ ಇಂಥ ಜೋಡುನುಡಿಗಳು ಸಾವಿರಗಟ್ಟಲೆ ಇವೆಯಂತೆ. ವಾಕ್ಯದ ಕೊನೆಗೆ ಕ್ರಿಯಾಪದ ಬರುವುದೂ ನಮ್ಮಂತೆಯೇ. ಅನ್‌ಪಾನ್‌ಮನ್ ಕಥೆಯಲ್ಲಿ ಹಸಿದ ಮಗು 'ಪೆಕೊ ಪೆಕೊ' ಎಂದರೆ ಕನ್ನಡದ ಅನುವಾದಕ ತಲೆ ಕೆರೆದುಕೊಳ್ಳಬೇಕಾಗಿಲ್ಲ: 'ಹೊಟ್ಟೆ ಚುರುಚುರು ಅಂತಿದೆ' ಎಂದು ಬರೆದು ಮುಂದಿನ ಪುಟಕ್ಕೆ ಹೋಗಬಹುದು. ಹೂರಣ ಸಿದ್ಧವಿದೆ, ಮನೆಯಳಿಯ ಸಿದ್ಧನಿದ್ದಾನೆ, ಚುರುಚುರು ಸಿದ್ಧವಾಗಿದೆ. ಆದರೂ ಕಥೆ ಬರಲಿಲ್ಲ.

ಏಕೆಂದರೆ ಜಪಾನಿನಿಂದ ಕನ್ನಡಕ್ಕೆ ನೇರ ದಾರಿಯನ್ನೇ ನಾವು ಮಾಡಿಕೊಂಡಿಲ್ಲ. ಎಲ್ಲವೂ ಇಂಗ್ಲಿಷಿನ ಇಲ್ಲವೇ ಹಿಂದಿಯ ಸುಂಕದ ಕಟ್ಟೆಯನ್ನು ದಾಟಿ ಬರಬೇಕು. ಇಂಗ್ಲಿಷಿಗೆ ಒಗ್ಗದ್ದು ಅಲ್ಲಿಯೇ ಉಳಿಯುತ್ತದೆ. ಕನ್ನಡಕ್ಕೆ ಅದು ಒಗ್ಗುತ್ತಿತ್ತೇ ಎಂದು ಕೇಳುವವರು ಆ ಕಟ್ಟೆಯಲ್ಲಿ ಇರುವುದಿಲ್ಲ. ಹೊಳಲೂರಿನಿಂದ ಹೊನ್ನಾಳಿಗೆ ಹೋಗಬೇಕಾದವನು ಬೆಂಗಳೂರಿನ ಮೇಲೆ ಹೋಗಿ, ಅಲ್ಲಿ ಗಾಡಿ ತಪ್ಪಿಸಿಕೊಂಡು, 'ಹೊನ್ನಾಳಿ ಬಹಳ ದೂರ' ಎಂದು ತೀರ್ಮಾನಿಸಿದಂತೆ ಇದು.

ಮೊದಲಿನಿಂದಲೇ ಪರದೇಶದ ಉಡುಪು ತೊಟ್ಟು ಹುಟ್ಟಿದ ಕಥೆಗಳಿಗೆ ಈ ತೊಂದರೆ ಇಲ್ಲ. ೧೯೭೪ರಲ್ಲಿ ತಕಾಹತಾ ಇಸಾವೊ ನಿರ್ದೇಶಿಸಿದ 'ಹೈಡಿ' ಸ್ವಿಸ್ ಹುಡುಗಿಯೊಬ್ಬಳ ಕಥೆ; ಅದಕ್ಕಾಗಿ ತಂಡದವರು ಆಲ್ಪ್ಸ್ ಪರ್ವತಗಳನ್ನು ಹೋಗಿ ನೋಡಿ ಬಂದಿದ್ದರು. ಯೂರೋಪಿನ ಮಕ್ಕಳು ಅದನ್ನು ತಮ್ಮದೆಂದೇ ನಂಬಿ ಬೆಳೆದರು. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ಬೀದಿಗಳನ್ನು ಬರಿದು ಮಾಡುತ್ತಿದ್ದ 'ಜಂಗಲ್ ಬುಕ್' ಜಪಾನಿನಲ್ಲಿ ೧೯೮೯ರಲ್ಲಿ ಆರಂಭವಾದ ಕಾರ್ಟೂನು. ಇಂಗ್ಲಿಷಿನವನು ಭಾರತದ ಕಾಡನ್ನು ಕುರಿತು ಬರೆದ ಕಥೆ ಜಪಾನಿಗೆ ಹೋಗಿ ಚಿತ್ರವಾಗಿ, ಗುಲ್ಜಾರರ ಹಾಡನ್ನು ಮುಂದಿಟ್ಟುಕೊಂಡು ಹಿಂದಿಯಲ್ಲಿ ನಮ್ಮ ಮನೆಗೆ ಬಂದಿತು. ಮೋಗ್ಲಿ ಜಪಾನಿನಿಂದ ಬಂದವನೆಂದು ಆಗ ಎಷ್ಟು ಮಂದಿಗೆ ಗೊತ್ತಿತ್ತು?

ಈಗ ನಮ್ಮ ಜೋಗಿಯ ಬಳಿಗೆ ಹಿಂದಿರುಗೋಣ. ಅವನು ಹುಟ್ಟು ಪ್ರಯಾಣಿಕ. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಹಳೆಯ ಐತಿಹ್ಯವದು. ಗ್ರಿಮ್ ಸಹೋದರರು ತಮ್ಮ ಐತಿಹ್ಯ ಸಂಗ್ರಹದಲ್ಲಿ ಸೇರಿಸಿಕೊಂಡರು. ರಾಬರ್ಟ್ ಬ್ರೌನಿಂಗ್ ಕವಿ ಕಾಯಿಲೆ ಮಲಗಿದ್ದ ಹುಡುಗನೊಬ್ಬನ ವಿನೋದಕ್ಕಾಗಿ ಅದನ್ನು ಇಂಗ್ಲಿಷ್ ಪದ್ಯವಾಗಿಸಿ ೧೮೪೨ರಲ್ಲಿ ಅಚ್ಚು ಮಾಡಿಸಿದ. ಅಲ್ಲಿಂದ ಅದು ಕುವೆಂಪು ಅವರ ಕೈಗೆ ಬಂದಿತು. ವೇಸರ್ ನದಿಯ ಜಾಗದಲ್ಲಿ ತುಂಗೆ ಹರಿದಳು. ಪಟ್ಟಣದ ಮೇಯರನ ಪೀಠದಲ್ಲಿ ಊರಗೌಡ ಕುಳಿತ. ಅರ್ಧ ಹಳದಿ ಅರ್ಧ ಕೆಂಪು ಅಂಗಿಯ ಕೊಳಲುಗಾರ ಹೋಗಿ ಕಿಂದರಿ ಹಿಡಿದ ಜೋಗಿ ಬಂದ. ಬಹು ಮುಖ್ಯವಾದ ಬದಲಾವಣೆ ಇದು. ಕೊಳಲುಗಾರ ಎಂದರೆ ನಮಗೆ ಕೃಷ್ಣ ನೆನಪಾಗುತ್ತಿದ್ದ, ಭಯ ಹುಟ್ಟುತ್ತಿರಲಿಲ್ಲ. ಬಾಗಿಲಿಗೆ ಬಂದು ನಿಲ್ಲುವ ಜೋಗಿಯೋ? ಅವನಿಗೆ ಅಕ್ಕಿ ನೀಡುವಾಗಲೂ ಮಕ್ಕಳು ತಾಯಿಯ ಸೆರಗು ಹಿಡಿದಿರುತ್ತಿದ್ದರು. ಕಥೆಗೆ ಬೇಕಾದ ಆಕರ್ಷಣೆ ಅಂಜಿಕೆ ಎರಡೂ ಅವನ ಜೋಳಿಗೆಯಲ್ಲಿ ಮೊದಲೇ ಇದ್ದವು. ಇಲಿಗಳ ವರ್ಣನೆಯನ್ನೇ ನೋಡಿ. ಬ್ರೌನಿಂಗನಲ್ಲಿ ಅದು ಗುಣವಾಚಕಗಳ ಸಾಲು. ಕುವೆಂಪು ಅವರಲ್ಲಿ 'ಇಲಿ' ಎಂಬ ಎರಡಕ್ಷರ ಪದಪದಕ್ಕೂ ಬಾಲದಂತೆ ಅಂಟಿಕೊಂಡು ಕುಣಿಯುತ್ತದೆ. ಅದು ಕನ್ನಡ ಸಮಾಸದ ಆಟ. ಇನ್ನೊಂದು ಭಾಷೆ ಆಡಲಾರದು.

ಇಂಗ್ಲಿಷಿನಲ್ಲಿಯೇ ಬರೆಯತೊಡಗಿದ್ದ ತರುಣ ಅವರು ಎಂಬುದನ್ನೂ ಇಲ್ಲಿ ನೆನೆಯಬೇಕು. ೧೯೨೨ರಲ್ಲಿ ಪ್ರಕಟವಾದ ಅವರ ಮೊದಲ ಪುಸ್ತಕ 'ಬಿಗಿನರ್ಸ್ ಮ್ಯೂಸ್' ಇಂಗ್ಲಿಷ್ ಕವನಗಳದು. ನಿನ್ನ ನುಡಿಯಲ್ಲಿ ಬರೆ ಎಂದು ಬುದ್ಧಿ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಆ ಮಾತನ್ನು ಅವರು ಕೇಳದೆ ಹೋಗಿದ್ದರೆ ಲಂಡನ್ನಿನಲ್ಲಿ ನಾಲ್ಕು ಜನ ಹೆಚ್ಚಾಗಿ ಓದುತ್ತಿದ್ದರೋ ಏನೋ, ಜೋಗಿ ಮಾತ್ರ ಹುಟ್ಟುತ್ತಿರಲಿಲ್ಲ.

ಹೀಗೆ ಬಂದ ಜೋಗಿ ಎಷ್ಟು ಪೂರ್ತಿಯಾಗಿ ನಮ್ಮವನಾದನೆಂದರೆ ಹಿಂದಿರುಗಿ ಹೋಗಲು ಅವನಿಗೆ ದಾರಿಯೇ ಉಳಿಯಲಿಲ್ಲ. ಬೊಮ್ಮನಹಳ್ಳಿ ಇರುವುದು ಮಂಡಗದ್ದೆಯ ಆಸುಪಾಸಿನಲ್ಲಿ ಎಲ್ಲೋ ಎಂದು ಪ್ರಾಮಾಣಿಕವಾಗಿ ನಂಬಿದ ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿಯೇ ಇದ್ದರು. ಈಗ ಅದನ್ನು ಇಂಗ್ಲಿಷಿಗೆ ಅನುವಾದಿಸಿದರೆ ಓದುವವನು, 'ಇದು ನಮ್ಮ ಬ್ರೌನಿಂಗನದಲ್ಲವೆ' ಎಂದು ಬದಿಗಿಡುತ್ತಾನೆ. ಕನ್ನಡದ್ದಾಗಿರುವುದೆಲ್ಲ ಅನುವಾದದಲ್ಲಿ ಸೋರಿಹೋಗಿ, ಅವನದಾಗಿದ್ದ ಕಥೆಯ ಎಲುಬಷ್ಟೇ ಅವನ ಕೈಗೆ ಮರಳುತ್ತದೆ. ಸ್ವಾಮಿಯ ದಾರಿ ಬೇರೆ. ಅವನ ಕಥೆ ಇಂಗ್ಲಿಷಿನಲ್ಲಿಯೇ ಹುಟ್ಟಿತು. ೧೯೩೫ರಲ್ಲಿ ಗ್ರಹಾಂ ಗ್ರೀನ್ ಎಂಬ ಕಾದಂಬರಿಕಾರ ಮೆಚ್ಚಿ ಶಿಫಾರಸು ಮಾಡಿದ್ದರಿಂದ ಲಂಡನ್ನಿನಲ್ಲಿ ಬೆಳಕು ಕಂಡಿತು. ಆಗುಂಬೆಯಲ್ಲಿ ಚಿತ್ರಿತವಾದಾಗಲೂ ಅವನು ಆಡಿದ್ದು ಹಿಂದಿ ಮತ್ತು ಇಂಗ್ಲಿಷ್. ದೊಡ್ಡ ಭಾಷೆಯ ಬಂಡಿ, ಬಂಡಿಯ ಬಳಿ ಪರಿಚಯದ ಗಾಡಿಯವನು: ಎರಡೂ ಅವನಿಗೆ ಒದಗಿದವು. ಜೋಗಿಗೆ ಎರಡೂ ಇರಲಿಲ್ಲ. ತಮಿಳಿನಲ್ಲೋ ಬಂಗಾಳಿಯಲ್ಲೋ ಜಪಾನೀಯಲ್ಲೋ ಒಬ್ಬ ಕುವೆಂಪು ಕುಳಿತು, ಕಿಂದರಿಯನ್ನು ತನ್ನ ಊರಿನ ವಾದ್ಯಕ್ಕೆ ಬದಲಿಸಿ, ತುಂಗೆಯನ್ನು ತನ್ನ ಹೊಳೆಗೆ ತಿರುಗಿಸಿದ್ದರೆ ಮಾತು ಬೇರೆ. ಅನುವಾದಕನಲ್ಲ, ತನ್ನ ಕೇರಿಯ ಮಗುವಿಗಾಗಿ ಕಥೆಯನ್ನು ಕದಿಯುವ ಧೈರ್ಯದವನು ಬೇಕು.

ಒಳಬರುವ ಬಾಗಿಲಿನ ಮಾತೂ ಉಂಟು. ಅರವತ್ತರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗಿಗೆ ವಿರೋಧ ಬೆಳೆಯಿತು. ಮದರಾಸಿನ ನೆರಳಿನಲ್ಲಿ ಉಸಿರು ಹಿಡಿದಿದ್ದ ಕನ್ನಡ ಚಿತ್ರರಂಗ ತನ್ನ ಕಾಲ ಮೇಲೆ ನಿಲ್ಲಲು ಅದು ಅಂದಿಗೆ ಅಗತ್ಯವಾಗಿತ್ತು ಎಂದೇ ನನ್ನ ಭಾವನೆ. ಆದರೆ ಬೇಲಿ ಹಾಕಿದವರಿಗೆ ಮಕ್ಕಳ ನೆನಪಾಗಲಿಲ್ಲ. ಭಾರತದ ಸ್ಪರ್ಧಾ ಆಯೋಗ ಈ ನಿರ್ಬಂಧವನ್ನು ತಪ್ಪೆಂದು ಹೇಳಿದ್ದು ೨೦೧೫ರಲ್ಲಿ. ಅದಕ್ಕೆ ಮುಂಚೆಯೇ, ೨೦೦೯ರಲ್ಲಿ, ಚಿಂಟು ಟಿವಿ ಎಂಬ ಮಕ್ಕಳ ವಾಹಿನಿ ಬಂದು ಕಾರ್ಟೂನುಗಳಿಗೆ ಕನ್ನಡದ ದನಿ ಕೊಡತೊಡಗಿತ್ತು. ಅಷ್ಟರಲ್ಲಿ ಒಂದು ತಲೆಮಾರು ಹಿಂದಿಯಲ್ಲಿಯೇ ನಕ್ಕು ಬೆಳೆದಾಗಿತ್ತು. ಡೊರೇಮಾನ್ ಹಿಂದಿ ತಮಿಳು ತೆಲುಗುಗಳಲ್ಲಿ ಮಾತಾಡುತ್ತಿದ್ದ ವರ್ಷಗಳವು. ನನ್ನ ಮೊಮ್ಮಗಳು ಬೊಂಬೆಗಳೊಡನೆ ಒಬ್ಬಳೇ ಆಡುವಾಗ ಅವುಗಳಿಗೆ ಹಿಂದಿ ಮಾತಾಡಿಸುತ್ತಾಳೆ. ಹಸಿವಾದಾಗ ಮಾತ್ರ ಅಜ್ಜಿಯ ಹತ್ತಿರ ಕನ್ನಡಕ್ಕೆ ಬರುತ್ತಾಳೆ. ಹಿಂದಿ ಕಲಿತದ್ದಕ್ಕೆ ನನ್ನ ಆಕ್ಷೇಪವಿಲ್ಲ. ಕನಸು ಕಾಣುವುದಕ್ಕೆ ಒಂದು ಭಾಷೆ, ಅನ್ನ ಕೇಳುವುದಕ್ಕೆ ಇನ್ನೊಂದು ಎಂದು ಏಳು ವರ್ಷದ ಮಗು ಹಂಚಿಕೊಂಡಿದೆಯಲ್ಲ, ಅದು ನನ್ನ ನಿದ್ದೆ ಕೆಡಿಸುತ್ತದೆ.

ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ ಎಪ್ಪತ್ತರ ದಶಕದಲ್ಲಿ ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ತಂದು ತೋರಿಸಿದಾಗ ಕುರೊಸಾವನ ಜಪಾನೀ ಚಿತ್ರವನ್ನು ಅಡಕೆ ತೋಟದವರು ಕುಳಿತು ನೋಡಿದರು, ವಾದಿಸಿದರು. ಕನ್ನಡದಲ್ಲಿ ಮೊದಲೇ ವಿವರಿಸಿ ಹೇಳುವವರು ಇದ್ದುದರಿಂದ ಅದು ಸಾಧ್ಯವಾಯಿತು. ದೊಡ್ಡವರಿಗಾಗಿ ನಡೆದ ಈ ಕೆಲಸ ಮಕ್ಕಳ ಪಾಲಿಗೆ ಆ ಪ್ರಮಾಣದಲ್ಲಿ ನಡೆಯಲಿಲ್ಲ.

ನನ್ನ ಶಿಷ್ಯ ಹೋಗುವಾಗ ಅನ್‌ಪಾನ್‌ಮನ್‌ನ ಒಂದು ಚಿತ್ರಪುಸ್ತಕವನ್ನು ಬಿಟ್ಟು ಹೋಗಿದ್ದಾನೆ. ಅವನು ಫೋನಿನಲ್ಲಿ ಅರ್ಥ ಹೇಳುತ್ತಾನೆ, ನಾನು ಕನ್ನಡ ಮಾಡಿಕೊಳ್ಳುತ್ತೇನೆ, ಸಂಜೆ ಕೇರಿಯ ಏಳೆಂಟು ಮಕ್ಕಳು ಜಗುಲಿಯ ಮೇಲೆ ಕೇಳುತ್ತಾರೆ. ನಾಯಕನಿಗೆ ಬನ್ನಿನ ತಲೆ ಬೇಡವೆಂದು ಮೊದಲ ದಿನವೇ ತೀರ್ಮಾನವಾಯಿತು. ಹೂರಣದ ಕಡುಬಿನ ತಲೆ ಬಂದಿದೆ. ಹೆಸರಿನ ವಿಷಯದಲ್ಲಿ ಮಾತ್ರ ಎರಡು ಪಕ್ಷಗಳಾಗಿವೆ. 'ಕಡುಬಣ್ಣ' ಎಂದು ಹುಡುಗರು, 'ಹೂರಣಪ್ಪ' ಎಂದು ನನ್ನ ಮೊಮ್ಮಗಳು. ತಲೆ ಮುರಿದು ಕೊಡುವಾಗ ಅವನಿಗೆ ನೋವಾಗುವುದಿಲ್ಲವೇ ಎಂದು ಒಬ್ಬ ಹುಡುಗ ಕೇಳಿದ. ಫೋನು ಮಾಡಿ ವಿಚಾರಿಸುತ್ತೇನೆ ಎಂದಿದ್ದೇನೆ.